ಕಥೆ ಕೇಳ್ತಾಳೆ, ಹೇಳು ಅಂದ್ರೆ ಸುಮ್ಮನಾಗ್ತಾಳೆ: ಐದರ ಮಗುವಿಗೆ ಕಥೆ ಓದುವುದು ಹೇಗೆ?

ಪ್ರಶ್ನೆ: ನನ್ನ ಮಗಳಿಗೆ ಐದೂವರೆ ವರ್ಷ. ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಯುಕೆಜಿ. ಮನೆಯಲ್ಲಿ ನಾವು ಕನ್ನಡವನ್ನೇ ಮಾತಾಡುತ್ತೇವೆ. ರಾತ್ರಿ ಮಲಗುವ ಮುಂಚೆ ಕನ್ನಡದ ಕಥೆ ಪುಸ್ತಕ ಓದಿ ಹೇಳುತ್ತೇನೆ. ಕಾಗಕ್ಕ ಗುಬ್ಬಕ್ಕ, ಪುಣ್ಯಕೋಟಿ, ರಾಜಕುಮಾರಿ ಮತ್ತು ರಾಕ್ಷಸರ ಕಥೆಗಳು ಅಂದ್ರೆ ಅವಳಿಗೆ ಪ್ರಾಣ. ಆದರೆ ಓದಿ ಮುಗಿಸಿ 'ಏನಾಯ್ತು ಹೇಳು' ಅಂದರೆ ಸುಮ್ಮನಾಗುತ್ತಾಳೆ. ಅವಳಿಗೆ ಅರ್ಥವಾಗುತ್ತಿಲ್ಲವೇ? ಪುಸ್ತಕದ ಭಾಷೆಯನ್ನು ಸುಲಭ ಮಾಡಿ ಓದಬೇಕಾ? ಎಷ್ಟು ಪದಗಳಿಗೆ ಅರ್ಥ ಹೇಳಬೇಕು? ದಿನಾ ಅದೇ ಕಥೆ ಬೇಕು ಅಂತ ಹಟ ಮಾಡಿದರೆ ಏನು ಮಾಡಲಿ? ಪುಣ್ಯಕೋಟಿಯಲ್ಲಿ ಹುಲಿ ಸಾಯುವ ಭಾಗವನ್ನು ಬಿಟ್ಟು ಓದುತ್ತಿದ್ದೇನೆ, ಅದು ಸರಿಯೇ?

ಉತ್ತರ: ನಿಮ್ಮ ಪತ್ರ ಓದಿದರೆ ಮಗಳಿಗೆ ಕಥೆ ಅರ್ಥವಾಗುತ್ತಿಲ್ಲ ಅಂತ ನನಗೆ ಅನಿಸುವುದಿಲ್ಲ. ಅರ್ಥವಾಗದ ಕಥೆಯನ್ನು ಯಾವ ಮಗುವೂ ದಿನಾ ಬೇಕು ಅಂತ ಕೇಳುವುದಿಲ್ಲ. ಅವಳಿಗೆ ಬಾರದಿರುವುದು ಹೇಳುವುದು. ಕೇಳಿ ತಿಳಿಯುವುದು ಬೇರೆ, ತಿಳಿದದ್ದನ್ನು ಸಾಲಾಗಿ ಹೇಳುವುದು ಬೇರೆ. ಎರಡನೆಯದು ಈ ವಯಸ್ಸಿನಲ್ಲಿ ತುಂಬಾ ಹಿಂದೆ ಉಳಿದಿರುತ್ತದೆ. 'ಏನಾಯ್ತು ಹೇಳು' ಅನ್ನುವುದು ದೊಡ್ಡವರಿಗೇ ಕಷ್ಟದ ಪ್ರಶ್ನೆ. ಎಲ್ಲಿಂದ ಶುರು ಮಾಡಬೇಕು? ಯಾವುದನ್ನು ಬಿಡಬೇಕು? ಯಾವುದು ಮೊದಲು, ಯಾವುದು ಆಮೇಲೆ? ಎಲ್ಲವನ್ನೂ ಮಗುವೇ ತೀರ್ಮಾನಿಸಬೇಕು. ಅದೂ ನಿದ್ದೆ ಬರುವ ಹೊತ್ತಲ್ಲಿ. ಪುಸ್ತಕ ಮುಚ್ಚಿದ ತಕ್ಷಣ ಕೇಳಿದರೆ ಇದು ಪರೀಕ್ಷೆ ಅಂತ ಮಕ್ಕಳಿಗೆ ಕೂಡಲೇ ಗೊತ್ತಾಗುತ್ತದೆ.

ಆ ಪ್ರಶ್ನೆ ಬಿಟ್ಟುಬಿಡಿ. ಕಥೆ ಹೇಳುವ ಕೆಲಸವನ್ನೇ ಸ್ವಲ್ಪಸ್ವಲ್ಪವಾಗಿ ಅವಳಿಗೆ ದಾಟಿಸಿ. ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಅವರ ಜೊತೆಗಾರರು 1988ರಲ್ಲಿ ಪ್ರಕಟಿಸಿದ ಪ್ರಯೋಗದ ಸಾರ ಇದೇ. ಎರಡು ಮೂರು ವರ್ಷದ ಮಕ್ಕಳ ತಂದೆತಾಯಿಗೆ ಅವರು ಒಂದು ಬದಲಾವಣೆ ಹೇಳಿಕೊಟ್ಟರು. ನೀವು ಓದಿ ಮಗು ಕೇಳುವುದಲ್ಲ, ಮಗು ಹೇಳಬೇಕು, ನೀವು ಕೇಳಿಸಿಕೊಂಡು ಮುಂದಕ್ಕೆ ತಳ್ಳಬೇಕು. ಮಾಮೂಲಿಯಾಗಿ ಓದಿಸಿಕೊಂಡ ಮಕ್ಕಳೂ ಇದ್ದರು, ಅವರಿಗೂ ಅಷ್ಟೇ ಓದಲಾಗಿತ್ತು. ಆದರೆ ನಾಲ್ಕು ವಾರದಲ್ಲಿ ಈ ಮಕ್ಕಳು ಮಾತಿನಲ್ಲಿ ಅವರಿಗಿಂತ ಎದ್ದು ಕಾಣುವಷ್ಟು ಮುಂದೆ ಹೋದರು.

ಮಾಡುವುದು ಸುಲಭ. ಕಾಗಕ್ಕ ಗುಬ್ಬಕ್ಕನನ್ನೇ ತೆಗೆದುಕೊಳ್ಳಿ. ಊರಿಗೊಂದು ತರ ಹೇಳುವ ಕಥೆ ಅದು. ಕಾಗಕ್ಕನದು ಸಗಣಿಯ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆ ಬಂದು ಸಗಣಿ ಮನೆ ಕೊಚ್ಚಿಹೋಗುತ್ತದೆ. ಕಾಗಕ್ಕ ಬಂದು ಬಾಗಿಲು ತಟ್ಟುತ್ತಾಳೆ. ಗುಬ್ಬಕ್ಕ ಒಂದೊಂದು ಸಲ ಒಂದೊಂದು ನೆಪ ಹೇಳುತ್ತಾಳೆ. ಮಗುವಿಗೆ ಸ್ನಾನ ಮಾಡಿಸ್ತಿದೀನಿ, ಬಟ್ಟೆ ಹಾಕ್ತಿದೀನಿ, ಹಾಲು ಕುಡಿಸ್ತಿದೀನಿ. 'ಗುಬ್ಬಕ್ಕಾ ಗುಬ್ಬಕ್ಕಾ ಬಾಗಿಲು ತೆಗಿ' ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಆ ಮಾತು ಬಂದಾಗ ನೀವು 'ಗುಬ್ಬಕ್ಕಾ...' ಅಂತ ನಿಲ್ಲಿಸಿ. ಉಳಿದದ್ದನ್ನು ಅವಳು ಹೇಳುತ್ತಾಳೆ. ಕೆಲವು ದಿನ ಆದಮೇಲೆ ಗುಬ್ಬಕ್ಕನ ನೆಪವನ್ನೂ ಅವಳಿಗೇ ಬಿಡಿ. ಪುಸ್ತಕದಲ್ಲಿ ಇಲ್ಲದ ನೆಪ ಹೇಳಿದರೆ ಇನ್ನೂ ಒಳ್ಳೆಯದು. ಅಂದರೆ ಕಥೆ ನಡೆಯುವ ರೀತಿ ಅವಳಿಗೆ ಸಿಕ್ಕಿದೆ ಅಂತ ಅರ್ಥ. ಕಥೆ ಮುಗಿದ ಮೇಲೆ ಕೇಳುವ ಹತ್ತು ಪ್ರಶ್ನೆ ತಿಳಿಸದಷ್ಟನ್ನು ಆ ಒಂದು ನೆಪ ತಿಳಿಸುತ್ತದೆ.

ಅವಳು ಚಿಕ್ಕ ವಾಕ್ಯ ಹೇಳಿದರೆ ಅದನ್ನು ಸ್ವಲ್ಪ ಬೆಳೆಸಿ ವಾಪಸ್ ಕೊಡಿ. 'ಕಾಗೆ ಅಳ್ತು' ಅಂದರೆ, 'ಹೌದು, ಮನೆ ಕೊಚ್ಚಿಹೋಯ್ತು ಅಂತ ಕಾಗಕ್ಕ ಅಳ್ತಿದ್ದಳು' ಅನ್ನಿ. ತಪ್ಪು ತಿದ್ದಬೇಡಿ. ಸರಿಯಾದದ್ದು ಕಿವಿಗೆ ಬಿದ್ದರೆ ಸಾಕು. ಪ್ರಶ್ನೆ ಕೇಳಿದ ಮೇಲೆ ಐದಾರು ಸೆಕೆಂಡ್ ಬಾಯಿ ಮುಚ್ಚಿಕೊಂಡಿರುವುದೂ ಮುಖ್ಯ. ದೊಡ್ಡವರಿಗೆ ಆ ಮೌನ ತಡೆಯುವುದಿಲ್ಲ, ತಾವೇ ಉತ್ತರ ಹೇಳಿಬಿಡುತ್ತಾರೆ. ನಾನು ಶಿಕ್ಷಕರ ಜೊತೆ ಕೆಲಸ ಮಾಡುವಾಗ ಜಾಸ್ತಿ ನೋಡುವುದು ಇದನ್ನೇ.

ದಿನಾ ಅದೇ ಕಥೆ ಬೇಕು ಅನ್ನುತ್ತಾಳಾ? ಓದಿ. ಖುಷಿಯಿಂದ ಓದಿ. 2011ರಲ್ಲಿ ಜೆಸ್ಸಿಕಾ ಹಾರ್ಸ್ಟ್ ಮತ್ತು ಸಂಗಡಿಗರು ಮೂರು ವರ್ಷದ ಮಕ್ಕಳ ಮೇಲೆ ಒಂದು ಅಧ್ಯಯನ ಮಾಡಿದರು. ಕೆಲವು ಮಕ್ಕಳಿಗೆ ಒಂದೇ ಕಥೆಯನ್ನು ಮತ್ತೆ ಮತ್ತೆ ಓದಿದರು. ಉಳಿದವರಿಗೆ ಬೇರೆ ಬೇರೆ ಕಥೆ ಓದಿದರು. ಹೊಸ ಪದಗಳು ಇಬ್ಬರ ಕಿವಿಗೂ ಬಿದ್ದದ್ದು ಅಷ್ಟೇ ಸಲ. ಆದರೂ ಪದಗಳನ್ನು ಕಲಿತು ನೆನಪಿಟ್ಟುಕೊಂಡದ್ದು ಒಂದೇ ಕಥೆ ಕೇಳಿದ ಮಕ್ಕಳು. ಕಾರಣ ಊಹಿಸುವುದು ಕಷ್ಟವಲ್ಲ. ಮೊದಲ ಸಲ ಕೇಳುವಾಗ ಮಗುವಿನ ಗಮನವೆಲ್ಲ 'ಮುಂದೇನು' ಅನ್ನುವುದರ ಮೇಲೆ. ಎರಡನೇ ಸಲ ಯಾರು ಯಾಕೆ ಹಾಗೆ ಮಾಡಿದರು ಅನ್ನುವುದಕ್ಕೆ ಬಿಡುವು ಸಿಗುತ್ತದೆ. ಅದಾದ ಮೇಲೇ ಪದಗಳ ಮೇಲೆ ಕಿವಿ ಹೋಗುವುದು. ಹಟ ಅಂತ ನಿಮಗೆ ಕಾಣುತ್ತಿರುವುದು ಅವಳು ಕಲಿಯುತ್ತಿರುವ ರೀತಿ.

ಅದಕ್ಕೆ ನೀವೂ ಹಾಗೇ ಹಂಚಿಕೊಳ್ಳಿ. ಹೊಸ ಕಥೆಯನ್ನು ಮೊದಲ ಸಲ ಹೆಚ್ಚು ನಿಲ್ಲಿಸದೆ ಓದಿಬಿಡಿ. ಪದದ ಅರ್ಥ, 'ಯಾಕೆ' ಪ್ರಶ್ನೆಗಳು ಎರಡನೇ, ಮೂರನೇ ಓದಿಗೆ ಇರಲಿ. ಆಮೇಲೆ ಅವಳು ಹೇಳಲಿ.

ಈಗ ಪದಗಳ ವಿಷಯ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಶ್ರಮ ಪೋಲಾಗುವುದು ಇಲ್ಲೇ.

ಸುಮ್ನೆ ಓದಿದರೂ ಪದ ಬರುತ್ತದೆ. ನ್ಯೂಜಿಲೆಂಡಿನ ವಾರ್ವಿಕ್ ಎಲ್ಲಿ ಇದನ್ನು 1989ರಲ್ಲಿ ತೋರಿಸಿದರು. ಏಳೆಂಟು ವರ್ಷದ ಮಕ್ಕಳು ಬರೀ ಕಥೆ ಕೇಳಿಯೇ ಹೊಸ ಪದ ಕಲಿತರು. ಓದುವಾಗಲೇ ಶಿಕ್ಷಕರು ಚುಟುಕಾಗಿ ಅರ್ಥ ಹೇಳಿದಾಗ ಆ ಕಲಿಕೆ ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ನನಗೆ ತುಂಬಾ ಇಷ್ಟವಾದದ್ದು ಅವರು ಕಂಡ ಇನ್ನೊಂದು ಸಂಗತಿ. ಮೊದಲೇ ಕಡಿಮೆ ಪದ ಗೊತ್ತಿದ್ದ ಮಕ್ಕಳು ಬೇರೆಯವರಷ್ಟೇ ಲಾಭ ಪಡೆದರು. ಪುಸ್ತಕವಿಲ್ಲದ ಮನೆಯಿಂದ ಬರುವ ಮಕ್ಕಳಿಗೆ ಅಂಗನವಾಡಿಯಲ್ಲಿ, ಒಂದನೇ ತರಗತಿಯಲ್ಲಿ ದಿನಾ ಕಥೆ ಓದಬೇಕು ಅಂತ ನಾನು ಪಟ್ಟು ಹಿಡಿಯುವುದು ಇದಕ್ಕೇ.

ಯಾವ ಪದಕ್ಕೆ ನಿಲ್ಲಬೇಕು? ಇಸಬೆಲ್ ಬೆಕ್ ಮತ್ತು ಮಾರ್ಗರೆಟ್ ಮೆಕೌನ್ ಅನ್ನುವ ಅಮೆರಿಕದ ಸಂಶೋಧಕಿಯರು ಪದಗಳನ್ನು ಮೂರು ಸ್ತರಗಳಾಗಿ ನೋಡುತ್ತಾರೆ. ಮೊದಲನೆಯದು ಮಾತಿನಲ್ಲೇ ಬಂದುಬಿಡುವ ಪದಗಳು: ಮಳೆ, ಮನೆ, ಅಳು. ಮೂರನೆಯದು ಒಂದು ವಿಷಯಕ್ಕೆ ಮಾತ್ರ ಸೇರಿದ, ಅಪರೂಪಕ್ಕೆ ಬರುವ ಪದಗಳು. ನಡುವೆ ಇರುವವು ಮಾತಿನಲ್ಲಿ ಕಡಿಮೆ, ಪುಸ್ತಕದಲ್ಲಿ ಜಾಸ್ತಿ ಸಿಗುವ, ಎಲ್ಲ ಕಡೆ ಬಳಕೆಗೆ ಬರುವ ಪದಗಳು. ಕಲಿಸಬೇಕಾದದ್ದು ಈ ನಡುವಿನವನ್ನು.

ರಾಜಕುಮಾರಿಯ ಕಥೆ ಓದುವಾಗ ಬಹಳ ಜನ ಕಿರೀಟ, ಸಿಂಹಾಸನ, ಪಲ್ಲಕ್ಕಿಗೆ ನಿಂತು ವಿವರಿಸುತ್ತಾರೆ. ಅವಕ್ಕೆ ಚಿತ್ರ ಸಾಕು. ಬೆರಳಿಟ್ಟು ತೋರಿಸಿ ಮುಂದೆ ಹೋಗಿ. ನಿಲ್ಲಬೇಕಾದದ್ದು ಅದೇ ಪುಟದ ಕನಿಕರ, ತವಕ, ಕಂಗಾಲು, ಸಂಕೋಚದಂಥ ಪದಗಳಿಗೆ. ಇವಕ್ಕೆ ಚಿತ್ರ ಬರೆಯಲಾಗುವುದಿಲ್ಲ. ಇವು ಗೊತ್ತಿಲ್ಲದಿದ್ದರೆ ಯಾರು ಯಾಕೆ ಏನು ಮಾಡಿದರು ಅನ್ನುವುದೇ ತಪ್ಪಿಹೋಗುತ್ತದೆ.

ಒಂದು ಕಥೆಗೆ ಎರಡು ಮೂರು ಪದ ಸಾಕು. ಕಾಗಕ್ಕ ಗುಬ್ಬಕ್ಕನಿಗೆ ನಾನಾದರೆ ಆರಿಸುವುದು ಆಸರೆ, ಸಬೂಬು, ಕನಿಕರ. ಪುಸ್ತಕದಲ್ಲಿ ಇಲ್ಲದಿದ್ದರೂ ಮಾತಿನಲ್ಲಿ ಸೇರಿಸಿ. ಆ ಕಥೆ ಇರುವುದೇ ಈ ಮೂರರ ಮೇಲೆ. ಅರ್ಥ ಹೇಳುವಾಗ ಒಂದು ಪದಕ್ಕೆ ಇನ್ನೊಂದು ಪದ ಕೊಡಬೇಡಿ. 'ಆಸರೆ ಅಂದ್ರೆ ಆಶ್ರಯ' ಅಂದರೆ ಮಗುವಿಗೆ ಗೊತ್ತಿಲ್ಲದ ಪದ ಒಂದಿದ್ದದ್ದು ಎರಡಾಯಿತು. 'ಮಳೆ ಬಂದಾಗ, ಹೆದರಿಕೆ ಆದಾಗ ಹೋಗಿ ನಿಲ್ಲೋಕೆ ಸಿಗೋ ಜಾಗ ಆಸರೆ. ಕಾಗಕ್ಕ ಗುಬ್ಬಕ್ಕನ ಹತ್ರ ಆಸರೆ ಕೇಳಿದಳು.' ಇಷ್ಟೇ. ಹತ್ತು ಸೆಕೆಂಡಿನ ಕೆಲಸ. ಇಂಗ್ಲಿಷ್ ಪದ ಅವಳಿಗೆ ಶಾಲೆಯಲ್ಲಿ ಬಂದಿದ್ದರೆ ಅದನ್ನು ಹೇಳುವುದರಲ್ಲೂ ತಪ್ಪಿಲ್ಲ. ಅಮೆರಿಕದಲ್ಲೋ ಲಂಡನ್ನಿನಲ್ಲೋ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡದ ಮನೆಗಳಿಗೆ ಅದೊಂದು ಒಳ್ಳೆಯ ದಾರಿ. ಆದರೆ ಅಲ್ಲೇ ನಿಲ್ಲಿಸಬೇಡಿ, ಕನ್ನಡದ ಪದ ಹಾಕಿ ಒಂದು ವಾಕ್ಯ ಮಾಡಿ ಹೇಳಿ.

ಅರ್ಥ ಹೇಳಿದ ರಾತ್ರಿಗೇ ಪದ ಬಂದುಬಿಡುವುದಿಲ್ಲ. 1978ರಲ್ಲಿ ಸೂಸನ್ ಕೇರಿ ಮತ್ತು ಎಲ್ಸಾ ಬಾರ್ಟ್ಲೆಟ್ ಮೂರು ನಾಲ್ಕು ವರ್ಷದ ಮಕ್ಕಳಿಗೆ ಒಂದು ಬಣ್ಣಕ್ಕೆ 'ಕ್ರೋಮಿಯಂ' ಅಂತ ಹೆಸರು ಕೊಟ್ಟು, 'ನೀಲಿ ತಟ್ಟೆ ಅಲ್ಲ, ಕ್ರೋಮಿಯಂ ತಟ್ಟೆ ತಾ' ಅಂದರು. ಒಂದೇ ಸಲ ಕೇಳಿದ ಮಕ್ಕಳು ಸರಿಯಾದ ತಟ್ಟೆ ತಂದರು. ಅದೊಂದು ಬಣ್ಣದ ಹೆಸರು ಅನ್ನುವಷ್ಟು ಹಲವರಿಗೆ ಹೊಳೆದಿತ್ತು. ಆದರೆ ಅದು ಯಾವ ಬಣ್ಣ ಅಂತ ಗಟ್ಟಿಯಾಗಿ ತಿಳಿಯಲು ತುಂಬಾ ಸಮಯ ಬೇಕಾಯಿತು. ಪದ ಬರುವುದು ಹೀಗೆ. ಮೊದಲು ಮಸುಕಾಗಿ, ಆಮೇಲೆ ಪ್ರತಿ ಬಳಕೆಯಲ್ಲೂ ಸ್ವಲ್ಪ ಸ್ಪಷ್ಟವಾಗುತ್ತಾ. ಹಾಗಾಗಿ ಹಗಲಿನಲ್ಲಿ ಆ ಪದ ಮತ್ತೆ ಬರಬೇಕು. ಮಳೆಗೆ ಅಂಗಡಿ ಮುಂದೆ ನಿಂತಾಗ 'ನಮಗೂ ಆಸರೆ ಸಿಕ್ತು' ಅನ್ನಿ. ಹಲ್ಲುಜ್ಜದೆ ಏನೋ ಕಾರಣ ಹೇಳಿದರೆ 'ಇದು ಗುಬ್ಬಕ್ಕನ ತರ ಸಬೂಬಾ?' ಅಂತ ಕೇಳಿ. ಒಂದು ದಿನ ಅವಳೇ ನಿಮಗೆ ಈ ಮಾತು ತಿರುಗಿಸಿ ಹೇಳುತ್ತಾಳೆ. ಅವತ್ತು ಆ ಪದ ಅವಳದಾಯಿತು.

ಗೊತ್ತಿರುವ ಪದವೇ ಬೇರೆ ಅರ್ಥದಲ್ಲಿ ಬಂದಾಗ ಇನ್ನೂ ಹುಷಾರಾಗಿರಬೇಕು. ಪುಣ್ಯಕೋಟಿ ಹಾಡಿನಲ್ಲಿ 'ಕೊಟ್ಟ ಭಾಷೆಗೆ ತಪ್ಪಲಾರೆನು' ಅಂತ ಬರುತ್ತದೆ. ಭಾಷೆ ಅಂದರೆ ಕನ್ನಡ, ಇಂಗ್ಲಿಷ್ ಅಂತ ನಿಮ್ಮ ಮಗಳಿಗೆ ಗೊತ್ತು. ಗೊತ್ತಿರುವುದರಿಂದಲೇ ಅವಳು ಕೇಳುವುದಿಲ್ಲ. ಹಸು ಹುಲಿಗೆ ಮಾತು ಕೊಟ್ಟಿತ್ತು, ಆ ಮಾತು ಉಳಿಸಿಕೊಳ್ಳಲು ವಾಪಸ್ ಬಂತು ಅನ್ನುವುದು ಆ ಒಂದು ಪದದಲ್ಲಿದೆ. ಅದು ತಪ್ಪಿದರೆ ಹಸು ಯಾಕೆ ಹುಲಿಯ ಹತ್ತಿರ ಹೋಯಿತು ಅಂತಲೇ ತಿಳಿಯುವುದಿಲ್ಲ. ಮಗು ಕೇಳದ ಪದಗಳನ್ನು ನೀವೇ ಹುಡುಕಬೇಕು.

ಪುಸ್ತಕದ ಭಾಷೆಯನ್ನು ಸುಲಭ ಮಾಡಬೇಕಾ ಅಂತ ಕೇಳಿದ್ದೀರಿ. ಪೂರ್ತಿ ಮಾಡಬೇಡಿ. ಮನೆಯಲ್ಲಿ 'ಹೋದ್ಲು', 'ಅಂದ್ಲು' ಅನ್ನುತ್ತೇವೆ, ಪುಸ್ತಕದಲ್ಲಿ 'ಹೋದಳು', 'ಎಂದಳು' ಅಂತ ಇರುತ್ತದೆ. ಮುಂದೆ ಪಾಠದ ಪುಸ್ತಕದಲ್ಲಿ ಅವಳಿಗೆ ಸಿಗುವುದು ಎರಡನೆಯ ಕನ್ನಡ. ಅದು ಮೊದಲು ಕಿವಿಗೆ ಬಿದ್ದಿರಬೇಕು. ನಿಮ್ಮ ಮಗಳಂತೆ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಅದನ್ನು ಕೇಳಲು ಈ ರಾತ್ರಿಯ ಕಥೆ ಬಿಟ್ಟರೆ ಬೇರೆ ಜಾಗ ಕಡಿಮೆ. ನಾನು ಹೇಳಿಕೊಡುವ ಉಪಾಯ ಹೀಗಿದೆ. ಕಥೆ ನಡೆಸುವ ವಾಕ್ಯಗಳನ್ನು ಪುಸ್ತಕದಲ್ಲಿ ಇದ್ದ ಹಾಗೆ ಓದಿ. ಪಾತ್ರಗಳ ಮಾತನ್ನು ನಿಮ್ಮ ಮನೆಯ ಕನ್ನಡದಲ್ಲಿ ಆಡಿ. ಧಾರವಾಡದವರ ಗುಬ್ಬಕ್ಕ ಧಾರವಾಡದ ಹಾಗೆ, ಕುಂದಾಪುರದವರ ಗುಬ್ಬಕ್ಕ ಕುಂದಾಪುರದ ಹಾಗೆ ಮಾತಾಡಲಿ. ಎರಡೂ ಕನ್ನಡ ಅಕ್ಕಪಕ್ಕದಲ್ಲಿ ಕೇಳಿದರೆ ಮಗು ಒಂದರಿಂದ ಇನ್ನೊಂದಕ್ಕೆ ತಾನೇ ದಾಟುತ್ತದೆ.

ನಮ್ಮ ಪ್ರಾಣಿಕಥೆಗಳಲ್ಲಿ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಯಾರು ಅನ್ನುವುದನ್ನು ಪ್ರತಿ ಸಲ ಹೇಳುವುದಿಲ್ಲ. 'ಬಂತು, ನೋಡಿತು, ಎಂದಿತು' ಅಂತ ಸಾಗುತ್ತೇವೆ. ರಾಜ, ರಾಣಿ ಇದ್ದರೆ 'ಎಂದನು', 'ಎಂದಳು' ಅನ್ನುವುದರಲ್ಲೇ ಗೊತ್ತಾಗುತ್ತದೆ. ಹುಲಿ ಮತ್ತು ಹಸು ಇದ್ದರೆ ಎರಡಕ್ಕೂ 'ಎಂದಿತು'. ಕಾಗಕ್ಕ, ಗುಬ್ಬಕ್ಕ ಇಬ್ಬರಿಗೂ 'ಎಂದಳು'. ಇಲ್ಲಿ ಮಕ್ಕಳು ದಾರಿ ತಪ್ಪುತ್ತಾರೆ, ಹೊರಗೆ ಕಾಣುವುದಿಲ್ಲ. ಹೇಳು ಅಂದಾಗ ಸುಮ್ಮನಾಗುವುದಕ್ಕೆ ಇದೂ ಕಾರಣ ಇರಬಹುದು. ದನಿ ಬದಲಿಸಿ ಓದಿ. ಚಿತ್ರದಲ್ಲಿ ಮಾತಾಡುತ್ತಿರುವವರನ್ನು ಮುಟ್ಟಿ ತೋರಿಸಿ. ಆಗಾಗ 'ಈಗ ಮಾತಾಡಿದ್ದು ಯಾರು?' ಅಂತ ಕೇಳಿ. ಓದಿಸಿಕೊಳ್ಳುವ ಮಕ್ಕಳ ಕಣ್ಣು ಎಲ್ಲಿ ಹೋಗುತ್ತದೆ ಅಂತ 2005ರಲ್ಲಿ ಕೆನಡಾದಲ್ಲಿ ಅಳೆದು ನೋಡಿದರು. ಅಕ್ಷರದ ಕಡೆ ಹೋಗುವುದು ತೀರಾ ಕಡಿಮೆ, ಹೆಚ್ಚೂಕಮ್ಮಿ ಎಲ್ಲ ಹೊತ್ತೂ ಚಿತ್ರದ ಮೇಲೇ. ಹಾಗಾಗಿ ಚಿತ್ರ ನಿಮ್ಮ ಜೊತೆ ಕೆಲಸ ಮಾಡಲಿ.

'ಆದರೆ', 'ಅಷ್ಟರಲ್ಲಿ', 'ಆದರೂ', 'ಇಲ್ಲದಿದ್ದರೆ' ಇವಕ್ಕೂ ದನಿಯಲ್ಲಿ ಒತ್ತು ಕೊಡಿ. ಕಥೆಯ ಕೊಂಡಿಗಳು ಇವೇ. 'ಗುಬ್ಬಕ್ಕನಿಗೆ ಬಾಗಿಲು ತೆಗೆಯಲು ಮನಸ್ಸಿರಲಿಲ್ಲ, ಆದರೂ...' ಅಂತ ನಿಲ್ಲಿಸಿ ಅವಳ ಮುಖ ನೋಡಿ. ಮುಂದೆ ಏನು ಬರುತ್ತದೆ ಅಂತ ಅವಳಿಗೆ ಹೊಳೆದಿರುತ್ತದೆ.

ಪ್ರಶ್ನೆ ಕೇಳುವುದಾದರೆ ಹೌದು, ಇಲ್ಲ ಅಂತ ಮುಗಿಯುವ ಪ್ರಶ್ನೆ ಬೇಡ. ಪುಸ್ತಕದಲ್ಲಿ ನೇರವಾಗಿ ಬರೆದಿಲ್ಲದ್ದನ್ನು ಕೇಳಿ. ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿ ಇರುವ ಕಥೆ ಗೊತ್ತಲ್ವಾ? ರಾಜಕುಮಾರ ಗಿಳಿಯ ಕಾಲು ಮುರಿದಾಗ ದೂರದಲ್ಲಿದ್ದ ರಾಕ್ಷಸ ಯಾಕೆ ಕುಂಟಿದ? ಇದಕ್ಕೆ ಉತ್ತರಿಸಲು ಕಥೆಯ ಹಿಂದಿನ ಪುಟ ನೆನಪಿರಬೇಕು, ಎರಡನ್ನೂ ಸೇರಿಸಬೇಕು. ಅರ್ಥಗ್ರಹಿಕೆ ಅಂದರೆ ಇದೇ. 'ಈ ಕಥೆಯ ನೀತಿ ಏನು?' ಅಂತ ಕೇಳುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಐದು ವರ್ಷದ ಮಗುವಿಗೆ ಅದು ಬೇಡ ಅಂತ ನನ್ನ ಗಟ್ಟಿ ಅಭಿಪ್ರಾಯ. ಬಾಯಿಪಾಠದ ಒಂದು ವಾಕ್ಯ ಸಿಗುತ್ತದೆ, ಯೋಚನೆ ಅಲ್ಲಿಗೆ ನಿಲ್ಲುತ್ತದೆ. 'ನೀನು ಗುಬ್ಬಕ್ಕ ಆಗಿದ್ದರೆ ಬಾಗಿಲು ಯಾವಾಗ ತೆಗೀತಿದ್ದೆ?' ಅಂತ ಕೇಳಿ ನೋಡಿ.

ಅವಳು ಬಾಯಲ್ಲಿ ಹೇಳದಿದ್ದರೆ ಆಟದಲ್ಲಿ ಹೇಳಲಿ. ಎರಡು ಕಲ್ಲು, ಒಂದು ಡಬ್ಬ, ಒಂದಿಷ್ಟು ನೀರು ಕೊಡಿ. ಗೊಂಬೆಯ ಬಾಗಿಲು ತಟ್ಟುತ್ತಾ ಕಥೆಯನ್ನು ಪೂರ್ತಿ ನಡೆಸಬಹುದು. ಇಲ್ಲವೇ ಪುಸ್ತಕದ ಮೂರು ಚಿತ್ರ ತೋರಿಸಿ 'ಇದಾದ ಮೇಲೆ?' ಅಂತಷ್ಟೇ ಕೇಳಿ.

ಹುಲಿ ಸಾಯುವ ಭಾಗವನ್ನು ಓದಿ ಅಂತಲೇ ನನ್ನ ಸಲಹೆ. ಹಸುವಿನ ಸತ್ಯ ನೋಡಿ ಹುಲಿಯ ಮನಸ್ಸು ಕರಗುತ್ತದೆ, ತಾನು ಮಾಡಹೊರಟದ್ದು ತಡೆಯಲಾಗದೆ ಪ್ರಾಣ ಬಿಡುತ್ತದೆ. ಅದನ್ನು ಕತ್ತರಿಸಿದರೆ ಹಿಂದಿನದ್ದಕ್ಕೆಲ್ಲ ಕೊನೆಯೇ ಇಲ್ಲದಂತಾಗುತ್ತದೆ. ಮಗು ಅತ್ತರೆ ಅಳಲಿ, ಪಕ್ಕದಲ್ಲಿ ನೀವಿದ್ದೀರಲ್ಲ. 'ಹುಲಿಗೆ ಯಾಕೆ ಅಷ್ಟು ಬೇಜಾರಾಯ್ತು?' ಅಂತ ಅವಳು ಕೇಳಿದರೆ ಅವತ್ತಿನ ಓದು ಅಲ್ಲಿಗೇ ನಿಂತು ಮಾತು ಮುಂದುವರಿಯಲಿ. ಹೆದರುವ ಸ್ವಭಾವ ಇದ್ದರೆ ಅಂಥ ಕಥೆಯನ್ನು ಮೊದಲ ಸಲ ಹಗಲಲ್ಲಿ ಓದಿ. ಕೊನೆ ಹೇಗೆ ಅಂತ ಮೊದಲೇ ಹೇಳಿಬಿಟ್ಟರೂ ನಷ್ಟವಿಲ್ಲ. ಬೇಡ ಅಂತ ಪುಸ್ತಕ ಮುಚ್ಚಿದರೆ ಒತ್ತಾಯ ಮಾಡಬೇಡಿ.

ಅವಳೇ ಓದಲು ಶುರು ಮಾಡಿದ ಮೇಲೂ ಇದನ್ನು ನಿಲ್ಲಿಸಬೇಡಿ. ಕನ್ನಡದ ಕಾಗುಣಿತ, ಒತ್ತಕ್ಷರ ಸೇರಿದರೆ ಕಲಿಯಬೇಕಾದ ಅಕ್ಷರರೂಪಗಳು ನೂರಾರು. ಬೆಂಗಳೂರಿನಲ್ಲಿ ಈ ಬಗ್ಗೆ ಕೆಲಸ ಮಾಡಿದ ಸೊನಾಲಿ ನಾಗ್ ಅವರ 2007ರ ಅಧ್ಯಯನದಲ್ಲಿ ಮಕ್ಕಳು ಮೂರನೇ, ನಾಲ್ಕನೇ ತರಗತಿಯಲ್ಲೂ ಇನ್ನೂ ಅಕ್ಷರ ಕಲಿಯುತ್ತಲೇ ಇದ್ದರು. ಅಲ್ಲಿಯವರೆಗೆ ಮಗು ತಾನೇ ಓದಬಲ್ಲ ಪುಸ್ತಕ ಅವಳ ಬುದ್ಧಿಗಿಂತ ತುಂಬಾ ಕೆಳಗೆ ಇರುತ್ತದೆ. ಓದಿ ತಿಳಿಯುವುದಕ್ಕೆ ಅಕ್ಷರ ಕೂಡಿಸುವುದೂ ಬೇಕು, ಕೇಳಿದ್ದನ್ನು ತಿಳಿಯುವುದೂ ಬೇಕು, ಒಂದಿಲ್ಲದೆ ಇನ್ನೊಂದು ನಡೆಯುವುದಿಲ್ಲ ಅಂತ ಸಂಶೋಧಕರಾದ ಗಫ್ ಮತ್ತು ಟನ್ಮರ್ 1986ರಲ್ಲೇ ಬರೆದರು. ಅಕ್ಷರ ತನ್ನ ವೇಗದಲ್ಲಿ ಬರಲಿ. ಎರಡನೆಯದನ್ನು ನೀವು ಈಗಿನಿಂದ ನಾಲ್ಕನೇ ತರಗತಿಯವರೆಗೂ ಬೆಳೆಸಬಹುದು.

ಪುಸ್ತಕ ಖಾಲಿಯಾದರೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಜಾಲತಾಣ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳು ಉಚಿತವಾಗಿ ಸಿಗುತ್ತವೆ, ಮಟ್ಟಕ್ಕೆ ತಕ್ಕಂತೆ ಗುರುತೂ ಮಾಡಿದ್ದಾರೆ. ಫೋನಿನ ಕಥೆ ವಿಡಿಯೊ ಅಪರೂಪಕ್ಕೆ ಪರವಾಗಿಲ್ಲ. ಆದರೆ ಅದು ನಿಮ್ಮ ಮಗಳ ಉತ್ತರಕ್ಕೆ ಕಾಯುವುದಿಲ್ಲ.

ಕೊನೆಗೆ ಒಂದು ವಿಷಯ. ಕಥೆಯಲ್ಲಿ ಮಾತ್ರವಲ್ಲ, ದಿನದ ಮಾತಿನಲ್ಲೂ ಅವಳು ಎರಡು ಕೆಲಸ ಒಟ್ಟಿಗೆ ಹೇಳಿದರೆ ಮಾಡದೆ ಹೋಗುತ್ತಾಳಾ? ಕರೆದರೆ ತಿರುಗುವುದಿಲ್ಲವಾ? ಪೂರ್ತಿ ವಾಕ್ಯದಲ್ಲಿ ಮಾತಾಡುವುದು ಅಪರೂಪವಾ? ಹಾಗಿದ್ದರೆ ಕಥೆಯ ಉಪಾಯಗಳಿಗೆ ಕಾಯದೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಪದೇಪದೇ ನೆಗಡಿಯಾಗಿ ಕಿವಿಯಲ್ಲಿ ನೀರು ತುಂಬಿಕೊಳ್ಳುವ ಮಕ್ಕಳಿಗೆ ಅರ್ಧಂಬರ್ಧ ಕೇಳಿಸುತ್ತಿರುತ್ತದೆ, ಮನೆಯವರಿಗೆ ಗೊತ್ತಾಗುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ನೋಡುತ್ತಾರೆ. ಹತ್ತಿರದ ಮಕ್ಕಳ ವೈದ್ಯರಿಂದಲೂ ಶುರು ಮಾಡಬಹುದು.